ಗುಲ್ಲು, ಗಾಬರಿ, ಅಪನಂಬಿಕೆ: ಮಾಂಡವಿಯ ಪ್ಲೇಗಿನಿಂದ ಚೆಂಬೂರಿನವರೆಗೆ

1896ರ ಮಳೆಗಾಲ ಮುಗಿಯುವ ಹೊತ್ತಿಗೆ ಮುಂಬಯಿಯ ಮಾಂಡವಿಯಲ್ಲಿ ಇಲಿಗಳು ಸಾಯತೊಡಗಿದವು. ಬಂದರಿಗೆ ಅಂಟಿಕೊಂಡ ಈ ಪೇಟೆಯಲ್ಲಿ ನೆಲಮಹಡಿಯ ತುಂಬ ದವಸದ ಗೋದಾಮುಗಳು. ಅವುಗಳ ಮೇಲೆ ಗಾಳಿ ಬೆಳಕು ಕಾಣದ ಕೋಣೆಗಳಲ್ಲಿ ಹಮಾಲರು, ಗುಮಾಸ್ತರು, ಸಣ್ಣ ವ್ಯಾಪಾರಿಗಳು. ಇಲಿಗಳ ಹಿಂದೆಯೇ ಮನುಷ್ಯರೂ ಹಾಸಿಗೆ ಹಿಡಿದರು. ಸುಡುವ ಜ್ವರ, ತೊಡೆಸಂದಿನಲ್ಲೋ ಕಂಕುಳಲ್ಲೋ ಗಡ್ಡೆ, ಕೆಲವೇ ದಿನಗಳಲ್ಲಿ ಸಾವು. ಅಲ್ಲಿ ರೋಗಿಗಳನ್ನು ನೋಡುತ್ತಿದ್ದ ಗೋವಾ ಮೂಲದ ವೈದ್ಯ ಅಕಾಸಿಯೊ ಗೇಬ್ರಿಯಲ್ ವಿಯೆಗಸ್ ಸೆಪ್ಟೆಂಬರ್ 23ರಂದು ಇದು ಪ್ಲೇಗು ಎಂದು ಹೇಳಿಬಿಟ್ಟರು.

ಆ ಮಾತನ್ನು ಊರು ಸುಲಭಕ್ಕೆ ನಂಬಲಿಲ್ಲ. ನಂಬದಿರಲು ಕಾರಣಗಳೂ ಇದ್ದವು. ಪ್ಲೇಗು ಎಂಬ ಹೆಸರು ಬಾಯಿಂದ ಹೊರಬಿದ್ದರೆ ಯುರೋಪಿನ ಬಂದರುಗಳು ಮುಂಬಯಿಯ ಹಡಗುಗಳಿಗೆ ಬಾಗಿಲು ಹಾಕುತ್ತವೆ, ಹತ್ತಿಯ ವ್ಯಾಪಾರ ನಿಲ್ಲುತ್ತದೆ, ಗಿರಣಿಗಳು ಮುಚ್ಚುತ್ತವೆ ಎಂಬ ಹೆದರಿಕೆ ವರ್ತಕರಿಗೆ. ಎರಡೇ ವರ್ಷಗಳ ಹಿಂದೆ, 1894ರಲ್ಲಿ, ಹಾಂಗ್‌ಕಾಂಗ್ ಇದೇ ರೋಗಕ್ಕೆ ಸಿಕ್ಕಿ ನಲುಗಿದ್ದನ್ನು ಅವರು ಕೇಳಿದ್ದರು. ಪಾಲಿಕೆಯ ಆರೋಗ್ಯಾಧಿಕಾರಿಗಳು ಮೊದಮೊದಲು ಪ್ಲೇಗು ಎನ್ನುವ ಬದಲು ಗಡ್ಡೆ ಏಳುವ ಸಂಶಯಾಸ್ಪದ ಜ್ವರ ಎಂದೇ ಹೇಳುತ್ತ ಬಂದರು. ವೈದ್ಯರು ಊರನ್ನು ವೃಥಾ ಹೆದರಿಸುತ್ತಿದ್ದಾರೆ ಎಂಬ ಆಕ್ಷೇಪವೂ ಎದ್ದಿತು. ಅಕ್ಟೋಬರ್‌ನಲ್ಲಿ ವಾಲ್ಡೆಮಾರ್ ಹಾಫ್ಕಿನ್ ಎಂಬ ಜೀವಾಣುತಜ್ಞ ಸೂಕ್ಷ್ಮದರ್ಶಕದಡಿ ರೋಗಾಣುವನ್ನು ಗುರುತಿಸಿದ ಮೇಲೆ ವಾದಕ್ಕೆ ಜಾಗ ಉಳಿಯಲಿಲ್ಲ.

ಅಷ್ಟರಲ್ಲಾಗಲೇ ಆಡಳಿತದ ನಡೆ ಬದಲಾಗಿತ್ತು, ಅದೇ ಈ ಕಥೆಯ ಮೊದಲ ತಿರುವು. ಎರಡು ವಾರದ ಹಿಂದೆ ಏನೂ ಇಲ್ಲ ಎನ್ನುತ್ತಿದ್ದ ಆಡಳಿತ ಈಗ ಎಲ್ಲವನ್ನೂ ಒಂದೇ ಏಟಿಗೆ ಮಾಡಹೊರಟಿತು. ಪಾಲಿಕೆಯ ಕಮಿಷನರ್ ಪಿ. ಸಿ. ಎಚ್. ಸ್ನೋ ಅಕ್ಟೋಬರ್ 6ರಂದು ಹೊರಡಿಸಿದ ಪ್ರಕಟಣೆಯ ಪ್ರಕಾರ ಸೋಂಕಿನ ಸಂಶಯ ಬಂದ ಮನೆಗೆ ಅಧಿಕಾರಿಗಳು ನುಗ್ಗಬಹುದಿತ್ತು, ರೋಗಿಯನ್ನು ಬೇಕಿದ್ದರೆ ಬಲವಂತದಿಂದ ಆಸ್ಪತ್ರೆಗೆ ಒಯ್ಯಬಹುದಿತ್ತು. ಚರಂಡಿಗಳಿಗೆ ಕಾರ್ಬಾಲಿಕ್ ಆಮ್ಲ ಬೆರೆಸಿದ ಸಮುದ್ರದ ನೀರನ್ನು ಹಗಲಿರುಳೂ ಹರಿಸಿದರು. ಮನೆಗಳಿಗೆ ಸುಣ್ಣ ಬಳಿದರು, ಹಾಸಿಗೆ ಬಟ್ಟೆಗಳನ್ನು ಬೀದಿಗೆಳೆದು ಸುಟ್ಟರು, ಕೋಣೆಗೆ ಬಿಸಿಲು ಬೀಳಲೆಂದು ಮಾಡಿನ ಹೆಂಚು ತೆಗೆದರು. ವಾಸಕ್ಕೆ ಯೋಗ್ಯವಲ್ಲ ಎಂದು ತೀರ್ಮಾನವಾದ ಮನೆಯ ಗೋಡೆಯ ಮೇಲೆ ಯು.ಎಚ್.ಎಚ್. ಎಂಬ ಮೂರು ದೊಡ್ಡ ಇಂಗ್ಲಿಷ್ ಅಕ್ಷರಗಳನ್ನು ಬಳಿಯುತ್ತಿದ್ದರು. ಆ ಮನೆಯೊಳಗೆ ಇದ್ದವರಲ್ಲಿ ಹೆಚ್ಚಿನವರಿಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ. ಆದರೆ ಅದರ ಪರಿಣಾಮ ಅವರಿಗೆ ಚೆನ್ನಾಗಿ ಗೊತ್ತಿತ್ತು. ಇನ್ನು ಆ ಮನೆ ತಮ್ಮದಲ್ಲ.

ಆಸ್ಪತ್ರೆಗೆ ಹೋದವರು ಮರಳಿ ಬರುವುದಿಲ್ಲ ಎಂಬ ಮಾತು ಚಾಳಿನಿಂದ ಚಾಳಿಗೆ ಹರಡಿತು. ತೀರಾ ಕೊನೆಯ ಘಟ್ಟದಲ್ಲಿ ಎಳೆದೊಯ್ದ ರೋಗಿಗಳಲ್ಲಿ ಬಹುಪಾಲು ಸಾಯುತ್ತಿದ್ದುದರಿಂದ ಕಣ್ಣಿಗೆ ಕಂಡ ಸತ್ಯವೂ ಹಾಗೆಯೇ ಇತ್ತು. ಅದರ ಜೊತೆಗೆ ಗುಲ್ಲುಗಳು ಬೆಳೆದವು. ಆಸ್ಪತ್ರೆಯಲ್ಲಿ ಮನುಷ್ಯರ ಮೈಯಿಂದ ಎಣ್ಣೆ ತೆಗೆಯುತ್ತಾರಂತೆ. ಅದೇ ಅಕ್ಟೋಬರ್‌ನಲ್ಲಿ ಯಾರೋ ವಿಕ್ಟೋರಿಯಾ ರಾಣಿಯ ಪ್ರತಿಮೆಗೆ ಡಾಂಬರು ಬಳಿದದ್ದಕ್ಕೆ ಸೇಡಾಗಿ ರಾಣಿ ಜನರ ಯಕೃತ್ತು ಕೇಳಿದ್ದಾಳಂತೆ. ಅಕ್ಟೋಬರ್ 29ರಂದು ಸಾವಿರದಷ್ಟು ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಗೆ ನುಗ್ಗಿದರು. ಮರುದಿನವೇ ಸ್ನೋ ತಮ್ಮ ಪ್ರಕಟಣೆಯನ್ನು ಸಡಿಲಿಸಿದರು. ಅವರ ವರದಿಯಲ್ಲಿ ಕಾಣುವ ದೊಡ್ಡ ಭಯ ರೋಗದ್ದಲ್ಲ. ಬೀದಿ ಗುಡಿಸುವ, ಮಲ ಹೊರುವ ಹಲಾಲ್‌ಖೋರರು ಹೆದರಿ ಊರು ಬಿಟ್ಟರೆ ಮುಂಬಯಿಯಲ್ಲಿ ಯಾರೂ ಬದುಕಲಾರರು ಎಂಬುದೇ ಅವರ ಆತಂಕವಾಗಿತ್ತು. ಊರಿನ ಅತ್ಯಂತ ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದ ಜನರ ನಂಬಿಕೆಯ ಮೇಲೆ ಇಡೀ ಮಹಾನಗರ ನಿಂತಿದೆ ಎಂದು ಆಡಳಿತಕ್ಕೆ ಅಂದು ಅರಿವಾಯಿತು. ಆ ಅರಿವು ಹೆಚ್ಚು ಕಾಲ ಬಾಳಲಿಲ್ಲ.

ಹಲಾಲ್‌ಖೋರರು ಉಳಿದರು, ಬೇರೆ ಅನೇಕರು ಹೊರಟರು. 1891ರ ಜನಗಣತಿಯಲ್ಲಿ ಮುಂಬಯಿಯ ಜನಸಂಖ್ಯೆ 8 ಲಕ್ಷ 21 ಸಾವಿರ. 1897ರ ಫೆಬ್ರವರಿಯ ಹೊತ್ತಿಗೆ ಅದರಲ್ಲಿ ಸುಮಾರು 3 ಲಕ್ಷ 80 ಸಾವಿರ ಮಂದಿ ಊರು ಬಿಟ್ಟಿದ್ದರೆಂದು ಆಗಿನ ಅಂದಾಜು. ಕೊಂಕಣದ ಹಡಗುಗಳು, ಘಟ್ಟ ಹತ್ತುವ ರೈಲುಗಳು ತುಂಬಿ ತುಳುಕಿದವು. ಗಿರಣಿಗಳಲ್ಲಿ ಆಳುಗಳಿಲ್ಲದೆ ಮಾಲೀಕರು ದಿನದ ಕೂಲಿಯನ್ನು ದಿನವೇ ಕೊಟ್ಟು ಕಾರ್ಮಿಕರನ್ನು ಹಿಡಿದಿಟ್ಟುಕೊಳ್ಳಬೇಕಾಯಿತು. ಓಡಿದವರ ಗಂಟುಮೂಟೆಯ ಜೊತೆ ರೋಗವೂ ಪ್ರಯಾಣ ಮಾಡಿತು. ಪುಣೆಗೆ, ಧಾರವಾಡ–ಹುಬ್ಬಳ್ಳಿಗೆ, 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ.

ಪತ್ರಿಕೆಗಳು ಈ ಹೊತ್ತಿನಲ್ಲಿ ಎರಡು ದಿಕ್ಕಿಗೆ ಎಳೆದವು. ಆಂಗ್ಲರ ಪತ್ರಿಕೆಗಳು ಕ್ರಮಗಳು ಸಾಲವು, ಇನ್ನಷ್ಟು ಬಿಗಿ ಬೇಕು ಎಂದು ಒತ್ತಾಯಿಸಿದವು. ವೆನಿಸ್‌ನಲ್ಲಿ 1897ರ ಆರಂಭದಲ್ಲಿ ಸೇರಿದ ಅಂತರರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನ ಭಾರತದ ಹಡಗುಗಳ ಮೇಲೆ ಕಣ್ಣಿಟ್ಟಿತ್ತು. ಆ ವರ್ಷ ಮುಂಬಯಿಯಿಂದ ಹಜ್ ಯಾತ್ರೆ ನಿಂತಿತು. ದೇಶೀ ಭಾಷೆಯ ಪತ್ರಿಕೆಗಳಾದರೋ ಮನೆಯೊಳಗೆ ನುಗ್ಗುವ ಬೂಟುಗಾಲಿನ ಬಗ್ಗೆ, ಹೆಣ್ಣುಮಕ್ಕಳನ್ನು ಬೀದಿಯಲ್ಲಿ ನಿಲ್ಲಿಸಿ ತಪಾಸಣೆ ಮಾಡುವ ಅವಮಾನದ ಬಗ್ಗೆ ಬರೆದವು. ಆ ಪತ್ರಿಕೆಗಳು ರೋಗವನ್ನೇ ಅಲ್ಲಗಳೆದವು ಎಂದು ಹೇಳಿದರೆ ಅನ್ಯಾಯವಾದೀತು. ಪತ್ರಿಕಾ ಸಂಪಾದಕರಾಗಿದ್ದ ಬಾಲ ಗಂಗಾಧರ ತಿಲಕರು ಮೊದಲು ನೈರ್ಮಲ್ಯದ ಕ್ರಮಗಳನ್ನು ಬೆಂಬಲಿಸಿಯೇ ಬರೆದರು, ಪುಣೆಯಲ್ಲಿ ಹಿಂದೂ ಪ್ಲೇಗು ಆಸ್ಪತ್ರೆ ತೆರೆಯಲು ನಿಂತರು, ಊರು ಬಿಟ್ಟು ಓಡಿದ ಮುಖಂಡರನ್ನು ತರಾಟೆಗೆ ತೆಗೆದುಕೊಂಡರು. ಅವರ ಸಿಟ್ಟು ತಿರುಗಿದ್ದು ಸೈನಿಕರ ಝಡ್ತಿ ಶುರುವಾದ ಮೇಲೆ.

1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಮಾರ್ಚ್‌ನಲ್ಲಿ ಮುಂಬಯಿಯ ಪ್ಲೇಗು ನಿರ್ವಹಣೆ ಪಾಲಿಕೆಯ ಕೈತಪ್ಪಿ ಸೇನಾಧಿಕಾರಿ ಗಾಟ್ಯಾಕರ್ ಅವರ ಸಮಿತಿಯ ಕೈಗೆ ಹೋಯಿತು. ಪುಣೆಯಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಹೆಸರೇ ಜನರಿಗೆ ದುಃಸ್ವಪ್ನವಾಯಿತು. ಅದೇ ಮಾರ್ಚ್ 10ರಂದು, ಪ್ಲೇಗು ರೋಗಿಗಳ ಆರೈಕೆಗೆ ನಿಂತಿದ್ದ ಸಾವಿತ್ರಿಬಾಯಿ ಫುಲೆ ಆ ರೋಗಕ್ಕೇ ಬಲಿಯಾದರು. ಜೂನ್ 22ರ ರಾತ್ರಿ ಚಾಫೇಕರ್ ಸಹೋದರರು ರ‍್ಯಾಂಡ್‌ಗೆ ಗುಂಡಿಟ್ಟರು. ಮುಂದೆ ಪತ್ರಿಕೆಯ ಬರಹಗಳಿಗಾಗಿ ತಿಲಕರ ಮೇಲೆ ರಾಜದ್ರೋಹದ ಮೊಕದ್ದಮೆ ನಡೆದು 18 ತಿಂಗಳ ಸಜೆಯಾಯಿತು. ರೋಗದ ಸುದ್ದಿಯನ್ನು ಪ್ರಶ್ನಿಸುವುದು, ಸರಕಾರವನ್ನು ಪ್ರಶ್ನಿಸುವುದು, ಜೈಲಿಗೆ ಹೋಗುವುದು ಮೂರೂ ಒಂದೇ ದಾರಿಯ ಮೇಲೆ ಬಂದು ನಿಂತವು. ಹೀಗಾದ ಮೇಲೆ ಸರಕಾರ ಏನು ಹೇಳಿದರೂ ಸಾಮಾನ್ಯ ಜನ ಅದನ್ನು ತಲೆಕೆಳಗು ಮಾಡಿಯೇ ಓದಿದರು.

1898ರ ಮಾರ್ಚ್ 9ರಂದು ಮುಂಬಯಿಯ ಮದನಪುರದಲ್ಲಿ ಈ ಅಪನಂಬಿಕೆ ಸಿಡಿಯಿತು. ಜುಲಾಹಾ ನೇಕಾರರ ಮನೆಯೊಂದರಲ್ಲಿ ಜ್ವರದಿಂದ ಮಲಗಿದ್ದ ಹುಡುಗಿಯನ್ನು ಒಯ್ಯಲು ತಪಾಸಣೆಯ ತಂಡ ಬಂದಾಗ ಮನೆಯವರು ಬಿಡಲಿಲ್ಲ. ಗಲಭೆ ಹಬ್ಬಿತು, ಗುಂಡು ಹಾರಿತು, ಜೀವಗಳು ಹೋದವು. ಮೈಸೂರು ಸಂಸ್ಥಾನದಲ್ಲಿಯೂ ಅದೇ ವರ್ಷ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗು ಕ್ರಮಗಳ ವಿರುದ್ಧ ದೊಂಬಿಯಾಯಿತು.

ಬಲದಿಂದ ಆಗದ ಕೆಲಸ ವಿಶ್ವಾಸದಿಂದ ಆಯಿತು ಎಂಬುದು ಈ ಕಥೆಯ ಎರಡನೆಯ ತಿರುವು. ಹಾಫ್ಕಿನ್ 1897ರ ಜನವರಿಯಲ್ಲಿ ತಾವು ತಯಾರಿಸಿದ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು, ಆಮೇಲೆ ಭಾಯಖಳಾ ಜೈಲಿನಲ್ಲಿ ಪರೀಕ್ಷಿಸಿದರು. ಖೋಜಾ ಸಮುದಾಯದ ಗುರು ಮೂರನೆಯ ಆಗಾ ಖಾನ್ ತಮ್ಮ ಜನರೆದುರಿಗೇ ಚುಚ್ಚುಮದ್ದು ತೆಗೆದುಕೊಂಡರು. ಅವರನ್ನು ನೋಡಿ ಸಾವಿರಾರು ಖೋಜಾಗಳು ತೋಳು ಒಡ್ಡಿದರು. ಜಾತಿ, ಸಮುದಾಯಗಳವರು ತಮ್ಮದೇ ಪ್ಲೇಗು ಆಸ್ಪತ್ರೆ ನಡೆಸಲು ಸರಕಾರ ಒಪ್ಪಿದಾಗ ರೋಗಿಗಳನ್ನು ಬಚ್ಚಿಡುವುದು ಕಡಿಮೆಯಾಯಿತು. ಹುಬ್ಬಳ್ಳಿಯಲ್ಲಿ 1898ರಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮುಂದಾಳತ್ವದಲ್ಲಿ ಊರಿನ ಬಹುಪಾಲು ಜನ ಲಸಿಕೆ ಹಾಕಿಸಿಕೊಂಡರು. ಮುಂಬಯಿಯಲ್ಲಿ ಆಸ್ಪತ್ರೆಗೆ ಕಲ್ಲು ತೂರಿದ ಜನ, ಹುಬ್ಬಳ್ಳಿಯಲ್ಲಿ ಸೂಜಿಗೆ ಸರದಿ ನಿಂತ ಜನ, ಇಬ್ಬರೂ ಅದೇ ಕಾಲದ ಅಂಥದೇ ಬಡವರು. ಅವರ ಮುಂದೆ ಬಂದು ನಿಂತವರು ಹೇಗೆ ನಿಂತರು ಎಂಬುದರಲ್ಲಿ ವ್ಯತ್ಯಾಸವಿತ್ತು.

ಇತಿಹಾಸಕಾರರು ಇದನ್ನು ಬೇರೆಬೇರೆಯಾಗಿ ಓದಿದ್ದಾರೆ. ವಸಾಹತು ಪ್ರಭುತ್ವ ಪ್ರಜೆಯ ಮೈಯ ಮೇಲೇ ಕೈ ಹಾಕಿದ ಕ್ಷಣವಿದು, ಪ್ರತಿರೋಧ ಹುಟ್ಟಿದ್ದು ಅದರಿಂದ ಎನ್ನುತ್ತಾರೆ ಡೇವಿಡ್ ಆರ್ನಾಲ್ಡ್. ರಾಜನಾರಾಯಣ ಚಂದಾವರಕರ್ ಗಾಬರಿಯ ಮೂಲವನ್ನು ಆಡಳಿತದ ನಡೆಯಲ್ಲೇ ಹುಡುಕುತ್ತಾರೆ. ಜನರ ವಿರೋಧವನ್ನು ಸಂಪ್ರದಾಯ, ಮೌಢ್ಯ ಎಂದು ತಳ್ಳಿಹಾಕುವುದನ್ನು ಅವರು ಒಪ್ಪುವುದಿಲ್ಲ. ಪ್ರಶಾಂತ ಕಿಡಂಬಿ ಇನ್ನೊಂದು ಎಳೆ ಹಿಡಿಯುತ್ತಾರೆ: ರೋಗ ಕೊಳಕಿನಲ್ಲಿದೆ, ಕೊಳಕು ಬಡವರ ಕೇರಿಯಲ್ಲಿದೆ ಎಂಬ ಹಳೆಯ ನಂಬಿಕೆಯೇ ಮುಂಬಯಿಯ ಪ್ಲೇಗು ನೀತಿಯನ್ನು ರೂಪಿಸಿತು. ಮುಂಬಯಿಯ ಉಪನಗರವಾದ ಚೆಂಬೂರಿನವರಿಗೆ ಈ ಮೂರನೆಯ ಮಾತು ಬಲು ಹತ್ತಿರದ್ದು.

ಏಕೆಂದರೆ ಆ ನಂಬಿಕೆಯ ಫಲವಾಗಿ ಎರಡು ಬದಲಾವಣೆಗಳಾದವು. ಮೊದಲನೆಯದು 1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್. ಅದು ಕಿಕ್ಕಿರಿದ ಕೇರಿಗಳನ್ನು ಕೆಡವಿ ಅಗಲ ರಸ್ತೆಗಳನ್ನು ತೆರೆಯಿತು. ಒಕ್ಕಲೆಬ್ಬಿಸಿದಷ್ಟು ಜನರಿಗೆ ಮನೆ ಕಟ್ಟಿಕೊಡಲಿಲ್ಲ. ಎರಡನೆಯದು ಊರ ಕಸವನ್ನು ಊರಾಚೆಗೆ ಸಾಗಿಸುವ ಏರ್ಪಾಡು. ಅದಕ್ಕೆ ಆರಿಸಿದ ಜಾಗ ಚೆಂಬೂರಿನ ಆಚೆ, ದೇವನಾರ್ ಹಳ್ಳಿಯ ಜವುಗು ನೆಲ. 1906ರಲ್ಲಿ ಕುರ್ಲಾದಿಂದ ಚೆಂಬೂರಿಗೆ ಒಂಟಿ ಹಳಿ ಹಾಕಿದ್ದು ಕಸದ ಗಾಡಿಗಳಿಗಾಗಿ. ಪ್ಯಾಸೆಂಜರ್ ರೈಲು ಆ ಹಳಿಯ ಮೇಲೆ ಓಡಿದ್ದು 1924ರಲ್ಲಿ.

ಈ ಇಸವಿಗಳನ್ನು ವಿಜ್ಞಾನದ ಇಸವಿಗಳ ಪಕ್ಕದಲ್ಲಿಟ್ಟು ನೋಡಬೇಕು. ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ಹರಡುತ್ತದೆ ಎಂದು ಪಾಲ್ ಲೂಯಿ ಸಿಮೊಂ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದರು. ಆಗ ಯಾರೂ ಕಿವಿಗೊಡಲಿಲ್ಲ. ಪ್ಲೇಗು ಸಂಶೋಧನಾ ಆಯೋಗ ಮುಂಬಯಿಯಲ್ಲಿ ಅದನ್ನು ದೃಢಪಡಿಸಿ ವರದಿ ಪ್ರಕಟಿಸತೊಡಗಿದ್ದು 1906ರಲ್ಲಿ, ಚೆಂಬೂರಿಗೆ ಕಸದ ಹಳಿ ಬಂದ ವರ್ಷದಲ್ಲೇ. ಕಸ ಇದ್ದಲ್ಲಿ ಇಲಿ ಇರುತ್ತದೆ, ಆದ್ದರಿಂದ ಕಸ ತೆಗೆಯುವುದು ತಪ್ಪಲ್ಲ. ಆದರೆ ಇಲಿಗಳ ತವರಾಗಿದ್ದ ದವಸದ ಗೋದಾಮುಗಳನ್ನು ಬಿಟ್ಟು ಬಡವರ ಹಾಸಿಗೆಗಳನ್ನು ಸುಟ್ಟದ್ದು, ಆಮೇಲೆ ಇಡೀ ನಗರದ ಹೊಲಸನ್ನು ಇನ್ನೊಂದು ಹಳ್ಳಿಯ ತಲೆಗೆ ಕಟ್ಟಿದ್ದು ಗಾಬರಿಯಲ್ಲಿ ತೆಗೆದುಕೊಂಡ ತೀರ್ಮಾನಗಳು. ಪ್ಲೇಗು ತಣ್ಣಗಾಯಿತು, ತೀರ್ಮಾನಗಳು ಉಳಿದವು.

ದೇಶ ವಿಭಜನೆಯ ನಂತರ ಚೆಂಬೂರಿನಲ್ಲಿ ನಿರಾಶ್ರಿತರ ಶಿಬಿರಗಳು ಎದ್ದವು. ದಕ್ಷಿಣ ಕನ್ನಡದಿಂದ ಬಂದ ತುಳು, ಕನ್ನಡ ಕುಟುಂಬಗಳು ನೆಲೆಯೂರಿದವು, ಹೋಟೆಲುಗಳು ತೆರೆದವು, ಚೆಂಬೂರು ಕರ್ನಾಟಕ ಸಂಘ ಶಾಲೆ ಕಟ್ಟಿತು. ಅವರೆಲ್ಲರ ಬೆನ್ನಿಗೇ ದೇವನಾರ್‌ನ ಕಸದ ಗುಡ್ಡ ಬೆಳೆಯುತ್ತ ಹೋಯಿತು. 2016ರ ಜನವರಿ ಕೊನೆಯಲ್ಲಿ ಅದಕ್ಕೆ ಬೆಂಕಿ ಬಿದ್ದಾಗ ಚೆಂಬೂರು, ಗೋವಂಡಿಗಳನ್ನು ದಿನಗಟ್ಟಲೆ ಹೊಗೆ ಕವಿಯಿತು, ಶಾಲೆಗಳಿಗೆ ರಜೆ ಕೊಡಬೇಕಾಯಿತು. ಉಪಗ್ರಹದ ಚಿತ್ರದಲ್ಲೂ ಕಂಡ ಆ ಹೊಗೆ ವಾರಗಳಲ್ಲಿ ಸುದ್ದಿಯಿಂದ ಮರೆಯಾಯಿತು. ಗುಡ್ಡದ ಬುಡದಲ್ಲಿ ಬದುಕುವವರ ಕೆಮ್ಮು ಯಾವ ಮುಖಪುಟಕ್ಕೂ ನಿತ್ಯದ ಸುದ್ದಿಯಲ್ಲ.

ಯಾವ ಸಾವು ಸುದ್ದಿಯಾಗುತ್ತದೆ ಎಂಬ ಈ ಪ್ರಶ್ನೆ 1994ರಲ್ಲಿ ಜೋರಾಗಿ ಎದ್ದಿತು. ಆ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಸೂರತ್‌ನಲ್ಲಿ ಶ್ವಾಸಕೋಶದ ಪ್ಲೇಗು ಎಂಬ ಸುದ್ದಿ ಬಂದದ್ದೇ ತಡ, ಲಕ್ಷಾಂತರ ಜನ ಊರು ಬಿಟ್ಟರು. ಮುಂಬಯಿಯ ಸ್ಟೇಷನ್ನುಗಳಲ್ಲಿ ಇಳಿದವರನ್ನು ವೈದ್ಯರು ತಡೆದು ನೋಡಿದರು, ಸಂಶಯ ಬಂದವರು ಕಸ್ತೂರಬಾ ಆಸ್ಪತ್ರೆಗೆ ಹೋದರು. 1896ರಲ್ಲಿ ಕಾರ್ಮಿಕರು ನುಗ್ಗಿದ ಆರ್ಥರ್ ರೋಡ್ ಆಸ್ಪತ್ರೆಯೇ ಅದು, ಹೆಸರು ಮಾತ್ರ ಬದಲು. ಟೆಟ್ರಾಸೈಕ್ಲಿನ್ ಮಾತ್ರೆ ಅಂಗಡಿಗಳಲ್ಲಿ ಖಾಲಿಯಾಯಿತು. ಹೊರದೇಶಗಳು ವಿಮಾನ ನಿಲ್ಲಿಸಿದವು. ಕೊನೆಗೆ ಲೆಕ್ಕ ಹಾಕಿದಾಗ ಇಡೀ ದೇಶದಲ್ಲಿ ಸತ್ತವರು ಐವತ್ತು ಚಿಲ್ಲರೆ. ಇದು ಪ್ಲೇಗೇ ಹೌದೇ ಎಂದು ವೆಲ್ಲೂರಿನ ಟಿ. ಜೇಕಬ್ ಜಾನ್ ಮೊದಲಾದವರು ಸಂಶಯ ಎತ್ತಿದರು. ವಿ. ರಾಮಲಿಂಗಸ್ವಾಮಿ ಸಮಿತಿ ಹೌದು ಎಂದಿತು, ಮುಂದೆ ರೋಗಾಣುವಿನ ಜೀನ್ ಪರೀಕ್ಷೆಯೂ ಅದನ್ನೇ ಹೇಳಿತು. ಪತ್ರಕರ್ತ ಪಿ. ಸಾಯಿನಾಥ್ ಕೇಳಿದ ಪ್ರಶ್ನೆ ಬೇರೆಯೇ ಆಗಿತ್ತು. ಕ್ಷಯದಿಂದ ಈ ದೇಶದಲ್ಲಿ ವರ್ಷಕ್ಕೆ ನಾಲ್ಕೂವರೆ ಲಕ್ಷ ಜನ ಸಾಯುವಾಗ ಮೌನವಾಗಿರುವ ಮಾಧ್ಯಮ ಪ್ಲೇಗಿಗೆ ಮಾತ್ರ ಹೌಹಾರಿದ್ದೇಕೆ? ಪ್ಲೇಗಿನ ಇಲಿ ಸಿರಿವಂತರ ಬಡಾವಣೆಗೂ ಬರಬಲ್ಲದು ಎಂಬುದೇ ಅದಕ್ಕೆ ಉತ್ತರ. ಗಾಬರಿಯಿಂದ ಒಳ್ಳೆಯದೂ ಆಯಿತು ಎಂಬುದನ್ನು ಮರೆಯಬಾರದು. ಮರುವರ್ಷ ಕಮಿಷನರ್ ಆಗಿ ಬಂದ ಎಸ್. ಆರ್. ರಾವ್ ಸೂರತ್‌ನ ನೈರ್ಮಲ್ಯವನ್ನೇ ಬದಲಿಸಿದರು.

ಕೊರೋನಾ ಕಾಲದಲ್ಲಿ ಚೆಂಬೂರಿನವರೇ ಈ ಪ್ರಶ್ನೆಗಳ ನಡುವೆ ಬದುಕಿದರು. 2020ರ ಏಪ್ರಿಲ್ 14ರಂದು ರೈಲು ಬಿಡುತ್ತಾರೆ ಎಂಬ ಸುದ್ದಿ ನಂಬಿ ಬಾಂದ್ರಾ ಸ್ಟೇಷನ್ ಬಳಿ ವಲಸೆ ಕಾರ್ಮಿಕರು ನೆರೆದರು, ಲಾಠಿ ತಿಂದು ಚದುರಿದರು. ಆಗ ಜಾರಿಯಲ್ಲಿದ್ದ ಕಾಯಿದೆಗಳಲ್ಲಿ 1897ರ ಅದೇ ಕಾಯಿದೆಯೂ ಒಂದು. ಜುಲೈ ಮೊದಲಾರ್ಧದಲ್ಲಿ ನೀತಿ ಆಯೋಗ, ಮುಂಬಯಿ ಪಾಲಿಕೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆ ನಡೆಸಿದವು. ಅವುಗಳಲ್ಲಿ ಒಂದು ಚೆಂಬೂರಿನ ಎಂ ವೆಸ್ಟ್. ಕೊಳೆಗೇರಿಗಳಲ್ಲಿ ಪರೀಕ್ಷಿಸಿದವರ ಪೈಕಿ ಶೇ. 57 ಮಂದಿಗೆ, ಬಿಲ್ಡಿಂಗುಗಳಲ್ಲಿ ಶೇ. 16 ಮಂದಿಗೆ ಆಗಲೇ ಸೋಂಕು ಬಂದುಹೋಗಿತ್ತು. ಸೋಂಕಿತರಲ್ಲಿ ಸಾಯುವವರ ಪ್ರಮಾಣ ಜನ ಹೆದರಿದ್ದಕ್ಕಿಂತ ಬಹಳ ಕಡಿಮೆ ಎಂಬ ಅಂದಾಜೂ ಅದರಿಂದ ಹೊರಟಿತು. ಟಿವಿಯ ಅರಚಾಟದಿಂದ ಬೇಸತ್ತಿದ್ದವರಿಗೆ ಈ ಅಂಕಿ ಸಮಾಧಾನ ತಂದದ್ದು ಸಹಜ.

2021ರ ಫೆಬ್ರವರಿ 1ರಂದು ಲೋಕಲ್ ರೈಲು ನಿಗದಿತ ಹೊತ್ತುಗಳಲ್ಲಿ ಎಲ್ಲರಿಗೂ ತೆರೆಯಿತು. ಕೆಲವೇ ದಿನಗಳಲ್ಲಿ ಸೋಂಕು ಏರತೊಡಗಿದ ವಾರ್ಡುಗಳಲ್ಲಿ ಚೆಂಬೂರು ಮುಂದಿತ್ತು. ಪಾಲಿಕೆ ಇಲ್ಲಿನ ನೂರಾರು ಸೊಸೈಟಿಗಳಿಗೆ ನೋಟಿಸು ಕೊಟ್ಟಿತು. ಹಿಂದಿನ ವರ್ಷ ಕೊಳೆಗೇರಿಯ ಗಲ್ಲಿಗಳಿಗೆ ಕಟ್ಟುತ್ತಿದ್ದ ತಡೆ ಈ ಬಾರಿ ಬಿಲ್ಡಿಂಗುಗಳ ಗೇಟಿಗೆ ಬಂತು. ಮತ್ತೆ ಹೆದರಿಸುತ್ತಿದ್ದಾರೆ ಎಂದವರು ಬಹಳ ಮಂದಿ. ಏಪ್ರಿಲ್ 4ರಂದು ಮುಂಬಯಿಯ ಒಂದೇ ದಿನದ ಸೋಂಕು 11 ಸಾವಿರ ದಾಟಿತು. ಆ ಎಚ್ಚರಿಕೆ ನಿಜವಾಗಿತ್ತು. ಮರುವರ್ಷದ ಏಪ್ರಿಲ್‌ನಲ್ಲಿ ಎಕ್ಸ್‌ಇ ಎಂಬ ಹೊಸ ತಳಿ ಮುಂಬಯಿಯಲ್ಲಿ ಸಿಕ್ಕಿದೆ ಎಂದು ಪಾಲಿಕೆ ಹೇಳಿತು, ಸಾಕ್ಷ್ಯ ಸಾಲದು ಎಂದು ಕೇಂದ್ರದವರು ಅಲ್ಲಗಳೆದರು. ಆ ಆತಂಕ ನಿಜವಾಗಲಿಲ್ಲ.

ನಿಜವಾದ ಎಚ್ಚರಿಕೆಯನ್ನೂ ಬುಡವಿಲ್ಲದ ಗುಲ್ಲನ್ನೂ ಬೇರ್ಪಡಿಸಿ ನೋಡುವುದು ಜನಸಾಮಾನ್ಯರಿಗೆ ಕಷ್ಟ. 1896ರ ಮುಂಬಯಿ ಕಲಿಸಿದ ಪಾಠ ಸ್ಪಷ್ಟವಾಗಿದೆ. ರೋಗದ ವಿಷಯದಲ್ಲಿ ವಿಯೆಗಸ್ ಹೇಳಿದ್ದೇ ಸರಿ, ಅವರನ್ನು ನಂಬದವರು ತಪ್ಪಿದರು. ಕ್ರಮಗಳ ವಿಷಯದಲ್ಲಿ ಜನರ ಅಪನಂಬಿಕೆಯೇ ಸರಿ, ಸರಕಾರ ತಪ್ಪಿತು. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳದಿದ್ದುದಕ್ಕೆ ತೆತ್ತ ಬೆಲೆ ದೊಡ್ಡದು: ಪ್ಲೇಗು ಮುಂದಿನ ದಶಕಗಳಲ್ಲಿ ಈ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು.

ಮುಂದೆ ಯಾವುದೋ ಜ್ವರದ ಸುದ್ದಿ ಬರುತ್ತದೆ, ಬಂದೇ ಬರುತ್ತದೆ. ಅದನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಹೇಳುತ್ತಿರುವವರು ರೋಗಿಯನ್ನು ಕಂಡವರೇ, ಪರೀಕ್ಷೆ ಮಾಡಿದವರೇ? ಈ ಭಯದ ಹೆಸರಿನಲ್ಲಿ ಯಾರ ಮನೆಯ ಬಾಗಿಲು ಒಡೆಯಲಿದೆ, ಯಾರ ಊರಿನ ತಲೆಗೆ ಹೊರೆ ಬೀಳಲಿದೆ? ನಿತ್ಯವೂ ಸಾಯುತ್ತಿರುವ ಯಾರ ಸುದ್ದಿ ಇದರ ಗದ್ದಲದಲ್ಲಿ ಮುಚ್ಚಿಹೋಗುತ್ತಿದೆ? ಇವುಗಳನ್ನು ಕೇಳಿದ ಮೇಲೂ ಲಸಿಕೆ ಬಂದರೆ ಹಾಕಿಸಿಕೊಳ್ಳಿ, ಪಕ್ಕದ ಮನೆಯವರನ್ನೂ ಕರೆದೊಯ್ಯಿರಿ. ಪ್ರಶ್ನೆ ಕೇಳುವುದನ್ನೂ ಎಚ್ಚರಿಕೆ ವಹಿಸುವುದನ್ನೂ ಒಟ್ಟಿಗೆ ಮಾಡಬಹುದು. ಇವೆರಡರಲ್ಲಿ ಒಂದನ್ನು ಬಿಟ್ಟ ಊರು ಎರಡನೆಯದನ್ನೂ ಕಳೆದುಕೊಳ್ಳುತ್ತದೆ.